ಕೋಳಿ ಫೋಲ್ಡರಿನ ಬೀಗ

ಮೂವತ್ತೊಂದನೆಯ ಕೋಳಿಮರಿಗೆ ಕಣ್ಣಿಡುತ್ತಿದ್ದಾಗ ಬಾಗಿಲು ದಡಾರನೆ ತೆರೆಯಿತು. ಅನೀಸಾ ಬೆಚ್ಚಿಬಿದ್ದಳು. ಕುಂಚ ಜಾರಿತು. ಕಪ್ಪು ಚುಕ್ಕೆ ಕಣ್ಣಿನ ಜಾಗ ಬಿಟ್ಟು ಕೊಕ್ಕಿನ ತುದಿಗೆ ಹೋಗಿ ಕೂತಿತು.

"ಲೇ ಅನೀಸಾ! ಇವತ್ತೇ ಬತ್ತಾರಂತೆ ಕಣೇ!"

ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದವಳು ಪಕ್ಕದ ಬೀದಿಯ ಶ್ವೇತ. ಐದನೇ ಕ್ಲಾಸಿನಲ್ಲಿ ಇಬ್ಬರದೂ ಒಂದೇ ಬೆಂಚು.

"ಯಾರೇ ಬರೋದು?"

"ಕಂಪನಿಯೋರು! ನಮ್ಮ ಸ್ಕೂಲಿಗೆ ಕಂಪ್ಯೂಟರ್ ಕೊಟ್ರಲ್ಲ, ಅವ್ರು. ಹನ್ನೊಂದು ಗಂಟೆಗೆ. ಫೋಟೋ ಬೇರೆ ತೆಗೀತಾರಂತೆ. ನಮ್ಮಪ್ಪ ಕಂಪನಿ ಬಸ್ಸು ಹತ್ತೋವಾಗ ಹೇಳ್ತು."

ಶ್ವೇತಳ ಅಪ್ಪ ದೇವರಾಜು ಬಿಡದಿ ಕಡೆಯ ಒಂದು ಕಾರ್ಖಾನೆಗೆ ಸೇರಿ ಎರಡು ವರ್ಷವಾಗಿತ್ತು. ಆ ಕಾರ್ಖಾನೆಯವರು ತಮ್ಮ ಆಫೀಸಿನ ಮೂರು ಹಳೆಯ ಕಂಪ್ಯೂಟರುಗಳನ್ನು ಶಾಲೆಗೆ ಕೊಟ್ಟಿದ್ದರು. ಅವುಗಳಲ್ಲಿ ಮಕ್ಕಳು ಹೇಗೆ ಕಲಿಯುತ್ತಿದ್ದಾರೆ ಎಂದು ನೋಡಲು ಈಗ ಬರುತ್ತಾರಂತೆ.

ಅನೀಸಾಳ ಮುಖ ಸಣ್ಣದಾಯಿತು. ಶ್ವೇತ ಹತ್ತಿರ ಬಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದಳು.

"ಕೋಳಿ?"

"ಕೋಳಿ," ಎಂದಳು ಅನೀಸಾ.

ಅಡುಗೆಮನೆಯಿಂದ ಅಮ್ಮಿ ಇಣುಕಿದರು. "ಯಾವ ಕೋಳಿ? ನೀನು ಕೊಕ್ಕಿಗೆ ಕಣ್ಣಿಟ್ಟೆಯಲ್ಲ, ಆ ಕೋಳಿನಾ? ಪಾಪ, ಅದು ಇನ್ನು ಕಾಳು ತಿನ್ನೋವಾಗಲೆಲ್ಲ ಕಣ್ಣು ಮುಚ್ಕೋಬೇಕು."

ಪಡಸಾಲೆಯ ತುಂಬ ಮರದ ಕೋಳಿಮರಿಗಳು ಸಾಲಾಗಿ ನಿಂತಿದ್ದವು. ಚನ್ನಪಟ್ಟಣದ ಆ ಬೀದಿಯಲ್ಲಿ ಬೊಂಬೆ ಮಾಡದ ಮನೆಯೇ ಕಡಿಮೆ. ಹಿಂದಿನ ಕೋಣೆಯಲ್ಲಿ ಅಬ್ಬು ಮರ ತಿರುಗಿಸಿ, ಹಳದಿ ಅರಗಿನ ಬಣ್ಣ ಕೊಟ್ಟು ಮರಿಗಳನ್ನು ಮಾಡುತ್ತಿದ್ದರು. ದಿನಾ ಬೆಳಿಗ್ಗೆ ಐವತ್ತು ಮರಿಗಳಿಗೆ ಕಣ್ಣಿಡುವುದು ಅನೀಸಾಳ ಕೆಲಸ. "ಕಣ್ಣಿಡೋವರೆಗೂ ಅದು ಬರೀ ಮರ, ಇಟ್ಟ ಮೇಲೇ ಮರಿ" ಎಂದು ಅಬ್ಬು ಹೇಳುತ್ತಿದ್ದರು. ಅವಳು ಕಣ್ಣಿಡಲು ಕೂತರೆ ಸಾಕು, ನಾಲಿಗೆಯ ತುದಿ ತಾನಾಗಿ ತುಟಿಯ ಮೂಲೆಯಿಂದ ಹೊರಗೆ ಬರುತ್ತಿತ್ತು. ಅಮ್ಮಿ ಬೈದಾಗ ಒಳಗೆ ಹೋಗುತ್ತಿತ್ತು. ಮರುಕ್ಷಣ ಮತ್ತೆ ಹೊರಗೆ.

"ಅಮ್ಮಿ, ಮಿಕ್ಕಿದ ಹತ್ತೊಂಬತ್ತು ಸಂಜೆ ಇಡ್ತೀನಿ!" ಎಂದು ಅನೀಸಾ ಚೀಲ ಹೆಗಲಿಗೇರಿಸಿದಳು.

"ಹೋಗು ಹೋಗು. ಕಣ್ಣಿಲ್ಲದೆ ಅವು ತಾನೇ ಎಲ್ಲಿಗೆ ಹೋಗ್ತವೆ!"

ದಾರಿಯುದ್ದಕ್ಕೂ ಇಬ್ಬರೂ ಓಡಿದರು. ಓಡುವಾಗ ಅನೀಸಾಳಿಗೆ ಅಳುವೂ ಬರುತ್ತಿತ್ತು, ನಗುವೂ ಬರುತ್ತಿತ್ತು.

ಆಗಿದ್ದಿಷ್ಟು. ಐದನೇ ಕ್ಲಾಸಿಗೆ ಕಂಪ್ಯೂಟರ್ ಹೇಳಿಕೊಡುವವರು ಕೆಂಚಯ್ಯ ಮೇಷ್ಟ್ರು. ಅವರು ಟೈಪ್ ಮಾಡುವುದನ್ನು ಒಮ್ಮೆ ನೋಡಬೇಕು. ಬಲಗೈಯ ತೋರುಬೆರಳನ್ನು ಗಾಳಿಯಲ್ಲಿ ಎತ್ತಿಕೊಂಡು, ತಲೆ ಬಗ್ಗಿಸಿ, ಕೀಬೋರ್ಡಿನ ಮೇಲೆ ಆ ಕಡೆ ಈ ಕಡೆ ಹುಡುಕುವರು. ಅಕ್ಷರ ಸಿಕ್ಕಿದ ಕೂಡಲೇ ಟಕ್! ತಲೆ ಎತ್ತಿ ಸ್ಕ್ರೀನ್ ನೋಡುವರು. ಮತ್ತೆ ತಲೆ ಬಗ್ಗಿಸಿ ಟಕ್! ದಿನವಿಡೀ ಕೋಳಿಮರಿಗಳ ನಡುವೆ ಇರುವ ಹುಡುಗಿಗೆ ಅದನ್ನು ನೋಡಿ ಇನ್ನೇನು ನೆನಪಾಗಬೇಕು?

ಹೋದ ವಾರ ಊಟದ ಬಿಡುವಿನಲ್ಲೆಲ್ಲ ಅವಳು ಕಂಪ್ಯೂಟರಿನ ಪೇಂಟ್‌ನಲ್ಲಿ ಕೋಳಿ ಬರೆದಳು. ಕನ್ನಡಕ ಹಾಕಿಕೊಂಡು ಕೀಬೋರ್ಡ್ ಕುಕ್ಕುವ ಕೋಳಿ. ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಕ್ಕಿಸಿಕೊಂಡ ಕೋಳಿ. ಮೌಸನ್ನು ಮೊಟ್ಟೆ ಎಂದುಕೊಂಡು ಕಾವು ಕೊಡುತ್ತಿರುವ ಕೋಳಿ. ಹೀಗೆ ಒಂಬತ್ತು ಚಿತ್ರ. ಎಲ್ಲವನ್ನೂ 'koli' ಎಂಬ ಫೋಲ್ಡರಿನಲ್ಲಿ ಹಾಕಿಟ್ಟಿದ್ದಳು. ಮೇಷ್ಟ್ರ ಮೇಲೆ ಸಿಟ್ಟೇನೂ ಇರಲಿಲ್ಲ. ನಗು ತಡೆಯಲಾಗಿರಲಿಲ್ಲ, ಅಷ್ಟೆ.

ಆದರೆ ನೋಡಬಂದ ಹೊರಗಿನವರ ಎದುರಿಗೆ, ಫೋಟೋ ತೆಗೆಯುವವರ ಎದುರಿಗೆ, ಮೇಷ್ಟ್ರು ಕೋಳಿಯಾಗಿಬಿಟ್ಟರೆ?

"ಅದಕ್ಯಾಕಿಷ್ಟು ಯೋಚ್ನೆ? ಒಂದು ಸಲ ಡಿಲೀಟ್ ಒತ್ತಿದ್ರೆ ಆಯ್ತು," ಎಂದಳು ಅನೀಸಾ, ಶಾಲೆಯ ಗೇಟು ದಾಟುತ್ತ.

ಶಾಲೆಯ ಅಂಗಳದಲ್ಲಿ ಕೆಂಚಯ್ಯ ಮೇಷ್ಟ್ರು ಹುಡುಗರಿಂದ ಮಾವಿನ ತೋರಣ ಕಟ್ಟಿಸುತ್ತಿದ್ದರು. ಅವರು ಹೆಜ್ಜೆ ಇಟ್ಟಲ್ಲೆಲ್ಲ ಬೀಗದ ಕೈ ಗೊಂಚಲು ಜಣಜಣ ಎನ್ನುತ್ತಿತ್ತು. ಶಾಲೆಯಲ್ಲಿ ಕಳೆದುಹೋಗಬಾರದ್ದೆಲ್ಲ ಅವರ ಬೀರುವಿನಲ್ಲಿ ಇರುತ್ತಿತ್ತು. ಗ್ಲೋಬು, ಫುಟ್‌ಬಾಲು, ಏಳನೇ ಕ್ಲಾಸಿನವರು ಖೋಖೋದಲ್ಲಿ ಗೆದ್ದು ತಂದ ಕಪ್ಪು, ಒಂದನೇ ಕ್ಲಾಸಿನ ಪುಟ್ಟಿ ಪ್ರೀತಿಯಿಂದ ಕೊಟ್ಟ ನವಿಲುಗರಿ ಕೂಡ.

"ಸಾರ್, ನಾವು ಕಂಪ್ಯೂಟರ್ ಒರೆಸ್ತೀವಿ ಸಾರ್," ಎಂದಳು ಅನೀಸಾ.

"ಒರೆಸ್ರವ್ವ. ಒಣಗಿದ ಬಟ್ಟೆ ತಗೊಳ್ಳಿ. ನೀರು ಮಾತ್ರ ಮುಟ್ಟಿಸ್ಬೇಡಿ," ಎಂದು ಮೇಷ್ಟ್ರು ಕೋಣೆಯ ಬೀಗ ತೆಗೆದುಕೊಟ್ಟರು.

ಇಬ್ಬರೂ ಒಳಗೆ ನುಗ್ಗಿ ಕಂಪ್ಯೂಟರ್ ಹಾಕಿದರು. ಅದು ಗುಂಯ್ ಎನ್ನುತ್ತ, ಕೆಮ್ಮುತ್ತ, ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟಿತು. ಸ್ಕ್ರೀನಿನ ಎಡಗಡೆ koli ಇತ್ತು. ತೆರೆದು ನೋಡಲು ಪುರುಸೊತ್ತಿರಲಿಲ್ಲ. ಅನೀಸಾ ಡಿಲೀಟ್ ಒತ್ತಿದಳು.

ಟಣ್ ಎಂದು ಸದ್ದಾಗಿ ಒಂದು ಪೆಟ್ಟಿಗೆ ಮೂಡಿತು. ಅದರಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು.

"ಆಕ್ಸೆಸ್... ಈಸ್... ಡಿನೈಡ್," ಎಂದು ಶ್ವೇತ ಕೂಡಿಸಿ ಓದಿದಳು. "ಹಂಗಂದ್ರೇನೇ?"

ಮತ್ತೆ ಒತ್ತಿದರು. ಟಣ್. ಮತ್ತೆ. ಟಣ್. ಕಸದ ಬುಟ್ಟಿಯ ಚಿತ್ರದೊಳಕ್ಕೆ ಎಳೆದು ಹಾಕಲು ನೋಡಿದರು. ಟಣ್. ಹೆಸರಾದರೂ ಬದಲಾಯಿಸೋಣವೆಂದರೆ ಅದಕ್ಕೂ ಟಣ್.

ಅಷ್ಟರಲ್ಲಿ ಸಾಬೀರ್ ಕಸಪೊರಕೆ ಹಿಡಿದು ಒಳಗೆ ಬಂದ. ಅವನ ಅಣ್ಣ ಪೇಟೆಯಲ್ಲಿ ಸೈಬರ್ ಸೆಂಟರ್ ಇಟ್ಟಿದ್ದ. ಆದ್ದರಿಂದ ಐದನೇ ಕ್ಲಾಸಿನಲ್ಲಿ ಕಂಪ್ಯೂಟರ್ ಬಗ್ಗೆ ಸಾಬೀರ್ ಹೇಳಿದ್ದೇ ಹೇಳಿದ್ದು.

"ಸರೀರಿ, ಸರೀರಿ. ಡಿಲೀಟ್ ಮಾಡಾದ್ರಲ್ಲಿ ನನ್ನ ಬುಟ್ರೆ ಇಲ್ಲ," ಎಂದು ಅವನು ಕುರ್ಚಿ ಎಳೆದುಕೊಂಡ. ಅದು ನಿಜವೇ. ಅವನು ಮುಟ್ಟಿದ ಮೇಲೆ ಮಾಯವಾದ ಪಾಠಗಳು ಎಷ್ಟೋ. ಆದರೆ ಇವತ್ತು ಎರಡು ಗುಂಡಿ ಸೇರಿಸಿ ಒತ್ತಿದರೂ ಟಣ್, ಮೂರು ಸೇರಿಸಿ ಒತ್ತಿದರೂ ಟಣ್. ಸಾಬೀರ್ ಗಂಭೀರವಾಗಿ ತಲೆಯಾಡಿಸಿದ.

"ಡಿನೈಡ್ ಅಂದ್ರೆ ಡಿನ್ನರ್ ಮಾಡ್ತಾ ಐತೆ ಅಂತ. ಊಟ ಆಗೋಗಂಟ ಡಿಸ್ಟರ್ಬ್ ಮಾಡಂಗಿಲ್ಲ."

"ಬೆಳಿಗ್ಗೆ ಒಂಬತ್ತೂವರೆಗೆ ಯಾವ ಡಿನ್ನರ್ರೋ?"

"ಅದಕ್ಕೆ ಅಮೇರಿಕ ಟೈಮು ಕಣ್ರೇ!" ಎಂದು ಸಾಬೀರ್ ಪೊರಕೆ ಎತ್ತಿಕೊಂಡು ಜಾಗ ಖಾಲಿ ಮಾಡಿದ.

ಶ್ವೇತ ಮೆಲ್ಲಗೆ ಅಂದಳು, "ಮೇಷ್ಟ್ರುನ್ನೇ ಕೇಳಾನ ಕಣೇ. ರಾಮನಗರಕ್ಕೆ ಹನ್ನೆರಡು ದಿನ ಟ್ರೈನಿಂಗ್ ಹೋಗಿದ್ರಲ್ಲ."

"ಹೋಗಿ ಬಂದ್ಮೇಲೂ ಅದೇ ಒಂದು ಬೆರಳು. ಅವ್ರಿಗೇನು ಗೊತ್ತಿರ್ತದೆ?" ಎಂದಳು ಅನೀಸಾ. "ಅದೂ ಅಲ್ದೆ ಏನಂತ ಕೇಳ್ಲಿ? ಸಾರ್, ನಿಮ್ಮನ್ನ ಕೋಳಿ ಮಾಡಿವ್ನಿ, ಒಸಿ ಅಳಿಸಿಕೊಡಿ ಅಂತಾನಾ?"

ಬಾಗಿಲ ಬಳಿ ಜಣಜಣ ಎಂದಿತು. ಅನೀಸಾ ಚಂಗನೆ ಹಾರಿ ಸ್ಕ್ರೀನಿಗೆ ಬೆನ್ನು ಕೊಟ್ಟು ನಿಂತಳು.

ಮೇಷ್ಟ್ರು ತಲೆ ಒಳಗೆ ಹಾಕಿದರು. "ಏನಾರ ತೊಂದ್ರೆನಾ? ಗೊತ್ತಾಗ್ದಿದ್ರೆ ಕೇಳ್ಬೇಕವ್ವ."

ಕೇಳಬೇಕಾದ ಮಾತು ಅನೀಸಾಳ ನಾಲಿಗೆಯ ತುದಿಗೇ ಬಂದಿತ್ತು. ಅವಳು ಅದನ್ನು ಗುಳುಕ್ಕನೆ ನುಂಗಿದಳು. "ಏನಿಲ್ಲ ಸಾರ್. ಧೂಳು."

ಮೇಷ್ಟ್ರು ಒಂದು ಕ್ಷಣ ನಿಂತರು. ಅವರ ಮೀಸೆ ಒಂದಿಷ್ಟು ಅಲ್ಲಾಡಿದ ಹಾಗಿತ್ತು. ಹೊರಟುಹೋದರು.

ಫೋಲ್ಡರನ್ನು ಮೂಲೆಗಾದರೂ ತಳ್ಳೋಣವೆಂದು ಅನೀಸಾ ಎಳೆದಳು. ಕೈ ಬಿಟ್ಟ ಕೂಡಲೇ ಅದು ಕೊಟ್ಟಿಗೆಗೆ ಮರಳುವ ಹಸುವಿನ ಹಾಗೆ ತನ್ನ ಜಾಗಕ್ಕೇ ಬಂದು ನಿಂತಿತು. ಇನ್ನೇನು ಅಳುವೇ ಬರಬೇಕು, ಅಷ್ಟರಲ್ಲಿ ಶ್ವೇತ ತನ್ನ ಜಾಮಿಟ್ರಿ ಬಾಕ್ಸ್ ತೆರೆದು ಒಂದು ಬಿಂದಿ ಪ್ಯಾಕೆಟ್ ತೆಗೆದಳು.

"ಅಂಟಿಸ್ಬುಡಾನ?"

ಅನೀಸಾ ಅವಳ ಮುಖ ನೋಡಿದಳು. ಆಮೇಲೆ ಕಂಪ್ಯೂಟರಿನ ಮುಖ ನೋಡಿದಳು. ಆಯುಧಪೂಜೆಯಲ್ಲಿ ಇಟ್ಟ ವಿಭೂತಿ, ಕುಂಕುಮ ಅದರ ಹಣೆಯ ಮೇಲೆ ಇನ್ನೂ ಹಾಗೇ ಇದ್ದವು. ಇನ್ನೊಂದು ಬಿಂದಿ ಕಂಡರೆ ಯಾರಿಗೆ ಅನುಮಾನ? ದೊಡ್ಡ ಕೆಂಪು ಬಿಂದಿ ಫೋಲ್ಡರಿನ ಮೇಲೆ ಕೂತಿತು. ಉದ್ದನೆಯ ಕಪ್ಪು ಬಿಂದಿ koli ಎಂಬ ಹೆಸರನ್ನು ಮುಚ್ಚಿತು.

"ಮದುವೆ ಹೆಣ್ಣು ಇದ್ದಂಗೈತೆ," ಎಂದಳು ಶ್ವೇತ. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಹನ್ನೊಂದಾಯಿತು. ದಿನಾ ಹತ್ತೂವರೆಗೆ ತಪ್ಪದೆ ಹೋಗುವ ಕರೆಂಟು ಇವತ್ತು ಹೋಗಲೇ ಇಲ್ಲ. "ಹೋಗು, ಹೋಗು" ಎಂದು ಅನೀಸಾ ಮನಸ್ಸಿನಲ್ಲೇ ಎಷ್ಟು ಬೇಡಿಕೊಂಡರೂ ಫ್ಯಾನು ಗಿರಗಿರನೆ ತಿರುಗುತ್ತಲೇ ಇತ್ತು.

ಕಂಪನಿಯಿಂದ ಒಬ್ಬ ಮೇಡಂ ಬಂದರು. ಜೊತೆಗೆ ಕ್ಯಾಮರಾ ಹಿಡಿದ ಒಬ್ಬರು. ಮಕ್ಕಳೆಲ್ಲ ಗೋಡೆಗೆ ಒರಗಿ ನಿಂತು "ಗುಡ್ ಮಾರ್ನಿಂಗ್ ಮೇಡಂ" ಎಂದು ಎಳೆದು ಎಳೆದು ಹಾಡಿದರು. ಮೇಡಂ ಉಳಿದೆರಡು ಕಂಪ್ಯೂಟರುಗಳನ್ನೂ ಬಿಟ್ಟು ನೆಟ್ಟಗೆ ಬಿಂದಿಯದರ ಮುಂದೆಯೇ ಹೋಗಿ ಕೂತರು.

"ಇದೇನು ಸಾರ್, ಸ್ಕ್ರೀನಿಗೂ ಬಿಂದಿ ಇಟ್ಟಿದೀರಾ?"

ಮೇಷ್ಟ್ರು ಬಗ್ಗಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. "ಆಯುಧಪೂಜೆದು ಇರ್ಬೇಕು ಮೇಡಂ. ನಮ್ಮ ಮಕ್ಕಳಿಗೆ ಭಕ್ತಿ ಒಸಿ ಜಾಸ್ತಿ."

ಮೇಡಂ ನಕ್ಕು ಉಗುರಿನಿಂದ ಕೆಂಪು ಬಿಂದಿ ಕಿತ್ತರು. ಕಪ್ಪು ಬಿಂದಿಯನ್ನೂ ಕಿತ್ತರು. "ಕೋಳಿ ಅಂತ ಇದೆ. ಏನಿದು?" ಎಂದು ಕ್ಲಿಕ್ ಮಾಡಿಯೇಬಿಟ್ಟರು.

ಅನೀಸಾ ಶ್ವೇತಳ ಕೈ ಹಿಂಡಿದಳು. ಸ್ಕ್ರೀನಿನ ತುಂಬ ಕೋಳಿ. ಕನ್ನಡಕದ ಕೋಳಿ. ಬೀಗದ ಕೈ ಕೋಳಿ.

"ಸಾರ್," ಎಂದರು ಮೇಡಂ, ನಗಬೇಕೋ ಬೇಡವೋ ತಿಳಿಯದೆ. "ಇದು... ನೀವಾ?"

"ನಾನೇ ಮೇಡಂ," ಎಂದರು ಮೇಷ್ಟ್ರು, ಒಂದಿಷ್ಟೂ ಮುಖ ಕೆಡಿಸಿಕೊಳ್ಳದೆ. "ಗೊಂಚಲು ಕಾಣ್ತದಲ್ಲ. ಮುಂದಿಂದು ನೋಡಿ, ಮೌಸಿಗೆ ಕಾವು ಬೇರೆ ಕೊಡ್ತಾ ಇದೀನಿ."

ಮೊದಲು ಮೇಡಂ ನಕ್ಕರು. ಆಮೇಲೆ ಇಡೀ ಕ್ಲಾಸು ಗೊಳ್ಳೆಂದಿತು. ಕ್ಯಾಮರಾದವರ ಹೊಟ್ಟೆ ಕುಲುಕಿ ಕ್ಯಾಮರಾವೇ ಅಲ್ಲಾಡಿತು. ಅನೀಸಾ ಒಬ್ಬಳೇ ನಗಲಿಲ್ಲ.

"ನೀವು ಇದನ್ನ ಅಳಿಸಲಿಲ್ವಾ ಸಾರ್?"

"ಅಳಿಸ್ಬಾರ್ದು ಅಂತ್ಲೇ ಬೀಗ ಹಾಕಿದೀನಿ ಮೇಡಂ. ನಮ್ಮ ಸಾಬೀರ ಇದಾನಲ್ಲ, ಕೈಗೆ ಸಿಕ್ಕಿದ್ನೆಲ್ಲ ಡಿಲೀಟ್ ಮಾಡ್ಬುಡ್ತಾನೆ." ಎಲ್ಲರೂ ಸಾಬೀರನ ಕಡೆ ತಿರುಗಿದರು. ಅವನು ಚಾವಣಿ ನೋಡಿದ. "ಟ್ರೈನಿಂಗಲ್ಲಿ ನಂಗೆ ಮಿಕ್ಕಿದ್ದೇನೂ ಸರಿಯಾಗಿ ಹತ್ತಲಿಲ್ಲ. ಈ ಬೀಗ ಹಾಕೋದೊಂದನ್ನ ಮಾತ್ರ ಹಟ ಹಿಡಿದು ಕಲ್ತೆ."

"ಇಷ್ಟು ಚೆನ್ನಾಗಿ ಬರೆದೋರು ಯಾರು?"

"ಹೆಸರು ಹಾಕಿಲ್ಲ ಮೇಡಂ. ಹಾಕೋವರೆಗೂ ನಾನು ಹೇಳಂಗಿಲ್ಲ. ಕಡೇದೊಂದು ಮಾತ್ರ ನಂದು."

ಕಡೆಯದು? ಅನೀಸಾ ಬರೆದಿದ್ದುದು ಒಂಬತ್ತು.

ಮೇಡಂ ಹತ್ತನೆಯ ಚಿತ್ರ ತೆರೆದರು. ಗೆರೆಗಳೆಲ್ಲ ಅಂಕುಡೊಂಕು. ಒಂದು ಪುಟ್ಟ ಕೋಳಿಮರಿ ಕಂಪ್ಯೂಟರಿನ ಮುಂದೆ ಕೂತಿತ್ತು. ಅದಕ್ಕೆ ಎರಡು ಜಡೆ. ಕೊಕ್ಕಿನ ಮೂಲೆಯಿಂದ ನಾಲಿಗೆಯ ತುದಿ ಹೊರಗೆ ಬಂದಿತ್ತು.

ಅನೀಸಾ ತಟ್ಟನೆ ನಾಲಿಗೆ ಒಳಗೆ ಎಳೆದುಕೊಂಡಳು.

ಹಾಗಾದರೆ ಮೇಷ್ಟ್ರು ನೋಡಿದ್ದರು. ಫೋಲ್ಡರನ್ನಷ್ಟೇ ಅಲ್ಲ, ಅವಳು ಕೂತು ಬರೆಯುತ್ತಿದ್ದುದನ್ನೇ ನೋಡಿದ್ದರು. ಜಣಜಣ ಎನ್ನದ ಹಾಗೆ ಗೊಂಚಲನ್ನು ಅಂಗೈಯಲ್ಲಿ ಹಿಡಿದುಕೊಂಡು, ಬೆನ್ನ ಹಿಂದೆ ಎಷ್ಟು ಹೊತ್ತು ನಿಂತಿದ್ದರೋ. ಆಮೇಲೆ ಯಾರೂ ಇಲ್ಲದಾಗ ಆ ಒಂದೇ ಬೆರಳಿನಲ್ಲಿ ಮೌಸ್ ಹಿಡಿದು ಈ ಮರಿಯನ್ನು ಬರೆದಿದ್ದರು. ನವಿಲುಗರಿಯ ಜೊತೆ, ಕಪ್ಪಿನ ಜೊತೆ ಇಡುವ ಹಾಗೆ ಅದಕ್ಕೂ ಒಂದು ಬೀಗ ಹಾಕಿದ್ದರು.

ಫೋಟೋ ಆಯಿತು. ಕಂಪನಿಯವರು ತಂದ ಲಾಡು ಹಂಚುತ್ತಾರೆ ಎಂದದ್ದೇ ತಡ, ಮಕ್ಕಳೆಲ್ಲ ಅಂಗಳಕ್ಕೆ ಓಡಿದರು. ಶ್ವೇತ ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿ, "ನಿನ್ನ ಲಾಡು ಇಸ್ಕೊಂಡಿರ್ತೀನಿ" ಎಂದು ಹೋದಳು.

ಅನೀಸಾ ಕಂಪ್ಯೂಟರಿನ ಮುಂದೆಯೇ ನಿಂತಿದ್ದಳು. ಮರಿಯ ಎರಡು ಜಡೆ ಸರಿಯಾಗಿದ್ದವು. ಕೊಕ್ಕು ಪರವಾಗಿಲ್ಲ. ಒಂದು ಕಾಲು ಚೋಟುದ್ದ, ಇನ್ನೊಂದು ಮಾರುದ್ದ. ಎಲ್ಲ ಇತ್ತು, ಆದರೆ ಕಣ್ಣಿರಲಿಲ್ಲ. ಮೇಷ್ಟ್ರು ಮರೆತಿದ್ದರೋ, ಬೇಕೆಂದೇ ಬಿಟ್ಟಿದ್ದರೋ.

ಜಣಜಣ ಎಂದು ಸದ್ದು ಹತ್ತಿರ ಬಂತು. ಕೋಣೆಗೆ ಬೀಗ ಹಾಕಲು ಮೇಷ್ಟ್ರು ಬಂದಿದ್ದರು.

"ಏನವ್ವ, ಲಾಡು ಬೇಡ್ವಾ?"

ಬೆಳಿಗ್ಗೆಯಿಂದ ನುಂಗಿ ನುಂಗಿ ಇಟ್ಟಿದ್ದ ಮಾತು ಮತ್ತೆ ನಾಲಿಗೆಯ ತುದಿಗೆ ಬಂತು. ಅನೀಸಾ ಈ ಸಲ ಸ್ಕ್ರೀನಿಗೆ ಅಡ್ಡ ನಿಲ್ಲಲಿಲ್ಲ. ಪಕ್ಕಕ್ಕೆ ಸರಿದು, ಮೇಷ್ಟ್ರ ಮುಖ ನೋಡಿ ಕೇಳಿದಳು.

"ಸಾರ್, ಇದರ ಬೀಗ ತೆಗೆಯೋದು ಹೆಂಗೆ ಅಂತ ಹೇಳ್ಕೊಡ್ತೀರಾ? ಮರಿಗೆ ನಾನು ಕಣ್ಣಿಡ್ಬೇಕು."