ಯಾರೂ ಮುಖ ನೋಡದ ಅರಸ

ಬಹಳ ಹಿಂದೆ, ನಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟದ ಕಾಲದಲ್ಲಿ, ಬೆಟ್ಟಗಳಾಚೆ ತುಂಬೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಅರಸ ತೀರಿಕೊಂಡರೆ ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಬೀದಿಗೆ ಬಿಡುತ್ತಿದ್ದರು. ಆನೆ ಯಾರ ಕೊರಳಿಗೆ ಮಾಲೆ ಹಾಕುತ್ತದೋ ಅವನೇ ಅರಸ.

ಒಂದು ಸಲ ಆನೆ ಮೈಲಾರನ ಕೊರಳಿಗೆ ಮಾಲೆ ಹಾಕಿತು. ಮೈಲಾರ ಸುಣ್ಣ ಸುಡುವವನು. ತಾಯಿ ತಂದೆ ಇಲ್ಲದ ಅವನನ್ನು ಸಾಕಿ ಬೆಳೆಸಿದವಳು ಅಕ್ಕ ಹೊನ್ನವ್ವ. ತಲೆಯ ಮೇಲಿದ್ದ ಸುಣ್ಣದ ಬುಟ್ಟಿಯನ್ನು ಇಳಿಸುವಷ್ಟು ಹೊತ್ತನ್ನೂ ಯಾರೂ ಅವನಿಗೆ ಕೊಡಲಿಲ್ಲ. ಅವನನ್ನು ಹೊತ್ತುಕೊಂಡೇ ಅರಮನೆಗೆ ಒಯ್ದರು. ರಾಜಗುರು ಕಾಳಕಂಠ ಅವನ ತಲೆಗೆ ಕಿರೀಟ ಇಟ್ಟ.

ಕಾಳಕಂಠ ಮಾಂತ್ರಿಕ. ಆ ಕಿರೀಟ ಅವನು ಮಂತ್ರಿಸಿದ್ದು. ಅದನ್ನು ಕಂಡವರ ತಲೆ ತಾನಾಗಿ ಬಾಗುತ್ತಿತ್ತು, ಧರಿಸಿದವನ ಮುಖ ಅವರಿಗೆ ಕಾಣುತ್ತಲೇ ಇರಲಿಲ್ಲ. ಅರಸ ಎಷ್ಟು ಎಳೆದರೂ ಅದು ತಲೆಯಿಂದ ಬರುತ್ತಿರಲಿಲ್ಲ. ಅರಸನ ಹೆಸರಿನಲ್ಲಿ ಕಾಳಕಂಠನೇ ಅಪ್ಪಣೆ ಹೊರಡಿಸುತ್ತಿದ್ದ. ರೈತರ ರಾಶಿಯಲ್ಲಿ ಅರ್ಧ ಅವನ ಕಣಜಕ್ಕೆ ಹೋಗುತ್ತಿತ್ತು.

ಪಟ್ಟವಾದ ಮಾರನೆಯ ದಿನ ಹೊನ್ನವ್ವ ತಮ್ಮನನ್ನು ನೋಡಲು ಬಂದಳು. ಮೈಲಾರ ಸಿಂಹಾಸನದಿಂದ ಇಳಿದು ಓಡಿ ಬಂದ. "ಅಕ್ಕಾ" ಎಂದ. ಅವಳ ತಲೆ ಬಾಗಿತು, ಹಣೆ ನೆಲಕ್ಕೆ ತಾಗಿತು.

"ಅಪ್ಪಣೆಯಾಗಲಿ ಪ್ರಭು" ಎಂದಳು.

"ಅಕ್ಕಾ, ನಾನು. ಏಳು. ನನ್ನ ನೋಡು."

ನೋಡು ಎಂದಷ್ಟೂ ಅವಳ ಹಣೆ ನೆಲಕ್ಕೆ ಗಟ್ಟಿಯಾಗಿ ಒತ್ತಿಕೊಂಡಿತು. ಹಣೆಯ ಚರ್ಮ ಕಿತ್ತು ಬರುವುದನ್ನು ಕಂಡು ಮೈಲಾರ ಹಿಂದೆ ಸರಿದ. ಅಂದಿನಿಂದ ಅವನು ಯಾರಿಗೂ ನೋಡು ಎನ್ನಲಿಲ್ಲ.

ವರ್ಷಗಳು ಕಳೆದವು. ಊಟ ಬರುತ್ತಿತ್ತು, ಬಡಿಸುವವರ ನೆತ್ತಿ ಕಾಣುತ್ತಿತ್ತು. ಹಾಡುಗಾರರು ಬರುತ್ತಿದ್ದರು, ಅವರೂ ನೆಲಕ್ಕೆ ಮುಖಮಾಡಿ ಹಾಡುತ್ತಿದ್ದರು. ಮನುಷ್ಯರ ಕಣ್ಣು ಹೇಗಿರುತ್ತದೆ ಎಂಬುದೇ ಅವನಿಗೆ ಮರೆಯುತ್ತ ಬಂತು.

ಒಂದು ಮಧ್ಯಾಹ್ನ ಅವನು ಅರಮನೆಯ ಹಿಂದಿನ ಗುಡ್ಡ ಹತ್ತಿದ. ಒಂದು ಗವಿಯಿಂದ ಯಾರೋ ಗುನುಗುವುದು ಕೇಳಿಸಿತು. ಕಂಬಿಯಾಚೆ ಒಬ್ಬ ಮುದುಕಿ ಕುಳಿತಿದ್ದಳು. ಅವಳು ತಲೆ ಎತ್ತಿ ಅವನನ್ನು ನೇರವಾಗಿ ನೋಡಿದಳು.

"ಯಾರಪ್ಪ ನೀನು? ಮುಖ ಯಾಕೆ ಹೀಗೆ ಬಾಡಿದೆ? ಊಟ ಮಾಡಿಲ್ವ?"

ಮೈಲಾರ ಕಂಬಿ ಹಿಡಿದು ಕುಸಿದು ಕುಳಿತು ಅತ್ತ. ಮುದುಕಿ ಅವನ ಅಳು ನಿಲ್ಲುವವರೆಗೂ ಕಾದಳು. ಅವಳ ಹೆಸರು ನೀಲವ್ವ. ಹಿಂದೆ ಊರ ಮಕ್ಕಳಿಗೆ ಓದು ಕಲಿಸುತ್ತಿದ್ದವಳು.

"ನಿನಗೆ ಕಿರೀಟ ಕಾಣುವುದಿಲ್ಲವೇ ಅಜ್ಜಿ?"

"ಕಾಣುತ್ತಪ್ಪ. ಹಿತ್ತಾಳೆಯದು. 'ಯಾರು ಅರಸನಾಗಬೇಕು ಅಂತ ಆನೆಗೆ ಹೇಗೆ ಗೊತ್ತಾಗುತ್ತೆ?' ಅಂತ ಒಂದು ದಿನ ಕೇಳಿದೆ. ಕೇಳಿದ್ದಕ್ಕೆ ಇಲ್ಲಿ ಹಾಕಿದರು. ಆದರೆ ಕೇಳಿದ ದಿನದಿಂದ ನನ್ನ ತಲೆ ಬಾಗಲಿಲ್ಲ."

"ಹಾಗಾದರೆ ಇದನ್ನು ತೆಗೆದುಬಿಡು."

"ನನ್ನ ಕೈಲಾಗಲ್ಲ, ನಿನ್ನ ಕೈಲೂ ಆಗಲ್ಲ. ಅದು ಕೂತಿರೋದು ನಿನ್ನ ತಲೆ ಮೇಲಲ್ಲ, ಅವರ ತಲೆಯೊಳಗೆ. ಅಧಿಕಾರ ಅನ್ನೋದು ಜನ ಕೈಗಡ ಕೊಟ್ಟದ್ದು. ಕೊಟ್ಟೆವು ಅನ್ನೋದು ನೆನಪಾದರೆ ವಾಪಸು ಕೇಳುತ್ತಾರೆ."

"ನಾನೇ ಅಪ್ಪಣೆ ಮಾಡಲೇ?"

"ತಲೆ ಎತ್ತಿ ಅಂತ ಅಪ್ಪಣೆ ಮಾಡಿದರೆ ಅದಕ್ಕೂ ತಲೆ ಬಾಗಿಸ್ತಾರಪ್ಪ. ಹೋಗಿ ಕೇಳು. ಬರೀ ಕೇಳು."

ಯಾರೂ ತಲೆ ಎತ್ತದ ಅರಮನೆಯಿಂದ ಹೊರಗೆ ಹೋಗುವುದು ಕಷ್ಟವಲ್ಲ. ಮೈಲಾರ ಕಿರೀಟ ಮುಚ್ಚುವಂತೆ ಕರಿಕಂಬಳಿ ಹೊದ್ದು ಊರಿಗೆ ಹೋದ. ಮೊದಲು ಹೋದದ್ದು ಅಕ್ಕನ ಮನೆಗೆ. ಅವಳು ರಾಗಿ ಬೀಸುತ್ತಿದ್ದಳು. ಕಂಬಳಿಯೊಳಗಿನ ಮುಖ ಸರಿಯಾಗಿ ಕಾಣಲಿಲ್ಲ, ವರ್ಷಗಳಿಂದ ಕೇಳದ ದನಿಯ ಗುರುತೂ ಸಿಗಲಿಲ್ಲ. ಯಾರೋ ದಾರಿಹೋಕನೆಂದು ಅಂಬಲಿ ಕೊಟ್ಟಳು.

"ಅರಸರು ನಿಮ್ಮ ತಮ್ಮನಂತೆ" ಎಂದ ಮೈಲಾರ.

"ತಮ್ಮ ಅಂತ ಹೇಗನ್ನಲಿ? ಈಗ ಅವರು ದೇವರ ಸಮಾನ."

"ಹುಟ್ಟಿದಾಗ ಹೇಗಿದ್ದರು?"

"ಎಲ್ಲ ಮಕ್ಕಳ ಹಾಗೆ. ಸಣ್ಣಗೆ ಇದ್ದ. ರಾತ್ರಿಯೆಲ್ಲ ಅಳುತ್ತಿದ್ದ."

"ಮತ್ತೆ ದೇವರಾದದ್ದು ಯಾವಾಗ?"

ಹೊನ್ನವ್ವನ ಕೈಯಲ್ಲಿ ಬೀಸುವ ಕಲ್ಲು ನಿಂತಿತು. ಅವಳು ಬಾಗಿಲಾಚೆ ಆಕಾಶ ನೋಡಿದಳು. ಕಾಳಕಂಠನ ಮಾಯದ ಹದ್ದು ಅಲ್ಲಿ ಸುತ್ತುತ್ತಿತ್ತು. ಅರಸೊತ್ತಿಗೆಯ ವಿರುದ್ಧ ಮಾತಾಡಿದವರ ದನಿಯನ್ನು ಅದು ಕಿತ್ತು ನುಂಗುತ್ತಿತ್ತು. ಅವಳು ಮತ್ತೆ ಕಲ್ಲು ತಿರುಗಿಸಿ, ಆ ಸದ್ದಿನ ಮರೆಯಲ್ಲಿ, "ಅದನ್ನು ನಾನೂ ಯೋಚಿಸಿರಲಿಲ್ಲ" ಎಂದಳು.

ನಾನೇ ಅವನು ಎಂದು ಹೇಳಲು ಮೈಲಾರನ ಬಾಯಿ ತೆರೆಯಿತು. ಆದರೆ ಕಂಬಳಿ ಸರಿದರೆ ಅವಳ ಹಣೆ ಮತ್ತೆ ನೆಲಕ್ಕೆ ಬಡಿಯುತ್ತದೆ. ಅಂಬಲಿ ಕುಡಿದು ಎದ್ದು ಹೋದ.

ಹಾಗೆಯೇ ಬಾವಿಕಟ್ಟೆ, ಕಣ, ಗಾಣದ ಮನೆ ಎಲ್ಲ ತಿರುಗಿದ. ಹೋದಲ್ಲೆಲ್ಲ ಒಂದೊಂದು ಪ್ರಶ್ನೆ ಬಿಟ್ಟು ಬಂದ. ಆಗಾಗ ಗುಡ್ಡ ಹತ್ತಿ ನೀಲವ್ವನಿಂದ ಹೊಸ ಪ್ರಶ್ನೆ ತಂದ. ಬೀಸುವ ಕಲ್ಲಿನ ಸದ್ದಿನಲ್ಲಿ ಹೊನ್ನವ್ವ ಆ ಪ್ರಶ್ನೆಗಳನ್ನು ನೆರೆಮನೆಗೆ ದಾಟಿಸಿದಳು, ನೆರೆಮನೆಯವಳು ಮುಂದಿನ ಕೇರಿಗೆ.

ಈ ಪ್ರಶ್ನೆಗಳನ್ನು ಹಬ್ಬಿಸುತ್ತಿರುವವನು ಅರಸನೇ ಎಂದು ಕೊನೆಗೆ ಕಾಳಕಂಠನಿಗೆ ಸುಳಿವು ಸಿಕ್ಕಿತು. "ಈ ಅರಸನ ಕಾಲ ಮುಗಿಯಿತು. ಇವನನ್ನು ಗೋಡೆಯೊಳಗೆ ಇಟ್ಟು ಕಟ್ಟೋಣ. ಆನೆ ಹೊಸಬನನ್ನು ಆರಿಸಲಿ" ಎಂದು ಡಂಗುರ ಹೊಡೆಸಿದ.

ಊರೆಲ್ಲ ಬಯಲಿಗೆ ಬಂತು. ಸರಪಳಿ ಬಿಗಿದ ಮೈಲಾರನನ್ನು ತಂದು ನಿಲ್ಲಿಸಿದರು. ಕಿರೀಟ ಕಂಡು ಎಲ್ಲರ ತಲೆ ಬಾಗಿತು. ಬಾಗಿದ ತಲೆಯಲ್ಲೇ ಹೊನ್ನವ್ವ ಕೇಳಿದಳು:

"ಗುರುಗಳೇ, ಆನೆಗೆ ಹೇಗೆ ಗೊತ್ತಾಗುತ್ತೆ?"

ಹದ್ದು ಎರಗಿ ಅವಳ ದನಿ ನುಂಗಿತು. ಪಕ್ಕದಲ್ಲಿದ್ದ ಗಾಣದ ಸಂಗಪ್ಪ ಅದನ್ನೇ ಕೇಳಿದ. ಅವನ ದನಿಯೂ ಹೋಯಿತು. ಆಮೇಲೆ ಅವನ ಹೆಂಡತಿ ಕೇಳಿದಳು. ಅಷ್ಟರಲ್ಲಿ ಬಯಲಿಗೆ ಬಯಲೇ ಕೇಳತೊಡಗಿತು. ನುಂಗಿ ನುಂಗಿ ಹದ್ದಿನ ಹೊಟ್ಟೆ ಗುಡಾಣದಂತಾಯಿತು. ಅದು ನೆಲಕ್ಕೆ ಬಿದ್ದು ಬಿರಿಯಿತು. ದನಿಗಳೆಲ್ಲ ಹೊರಬಂದು ತಮ್ಮತಮ್ಮವರ ಗಂಟಲು ಸೇರಿದವು.

ಕಾಳಕಂಠ ಬುಟ್ಟಿ ತೆರೆದು ಕಾಳಿಂಗನನ್ನು ಬಿಟ್ಟ. "ಇದು ಕೀಳು ಕುಲದವರನ್ನು ಮಾತ್ರ ಕಚ್ಚುತ್ತದೆ. ಮೇಲಿನವರು ಈ ಕಡೆ ಬನ್ನಿ" ಎಂದ.

ದನಿ ಮರಳಿದ ಹೊನ್ನವ್ವ ಹೇಳಿದಳು: "ಅದನ್ನೂ ನೋಡಿಯೇ ಬಿಡೋಣ. ಎಲ್ಲರೂ ಕಂಬಳಿ ಹೊದ್ದು ಬೆರೆತು ಕೂತುಕೊಳ್ಳಿ."

ಜನ ಕಂಬಳಿ ಹೊದ್ದು ಬೆರೆತು ಕುಳಿತರು. ಹಾವು ಒಬ್ಬೊಬ್ಬರ ಮುಂದೂ ಹೆಡೆ ಎತ್ತಿತು. ಯಾವ ಕಂಬಳಿಯೊಳಗೆ ಯಾರ ಮಗ, ಯಾವ ಕುಲ, ಅದಕ್ಕೆ ತಿಳಿಯಲಿಲ್ಲ. ಕೊನೆಗೆ ಕಂಬಳಿಯಿಲ್ಲದೆ ಎದುರಿಗೆ ನಿಂತಿದ್ದ ಕಾಳಕಂಠನ ಕಡೆ ಬುಸುಗುಟ್ಟಿ, ಪೊದೆ ಸೇರಿಕೊಂಡಿತು.

ಉಳಿದದ್ದು ಆನೆ. ಮಾಲೆ ಹಿಡಿದು ಘೀಳಿಡುತ್ತ ಬಂತು. ಯಾರೂ ಏಳಲಿಲ್ಲ, ಯಾರೂ ಕೊರಳು ಚಾಚಲಿಲ್ಲ, ಯಾರೂ ಓಡಲಿಲ್ಲ. ಆನೆ ಬಹಳ ಹೊತ್ತು ನಿಂತಿತು. ಆಮೇಲೆ ಮಾಲೆಯನ್ನು ಬಾಯಿಗೆ ಹಾಕಿಕೊಂಡು ತಿಂದಿತು.

ಯಾರೋ ಕಿಸಕ್ಕನೆ ನಕ್ಕರು. ನಗು ಬಯಲೆಲ್ಲ ಹಬ್ಬಿತು. ನಗುವಾಗ ಜನರ ತಲೆಗಳು ಮೇಲೆದ್ದವು. ಬಾಗಿದ ತಲೆಗಳಿಂದಲೇ ಬಲ ಪಡೆಯುತ್ತಿದ್ದ ಕಾಳಕಂಠ ಅಲ್ಲೇ ಮುಪ್ಪಾಗಿ, ಕೋಲಿಲ್ಲದೆ ನಿಲ್ಲಲಾರದೆ, ನೀರು ಬೇಡಿದ. ಕಾವಲಿಟ್ಟು, ನೀರು ಕೊಟ್ಟರು.

ಹೊನ್ನವ್ವ ತಮ್ಮನ ಹತ್ತಿರ ಬಂದು ಅವನ ಗಲ್ಲ ಹಿಡಿದು ನೋಡಿದಳು.

"ಎಷ್ಟು ಬಡವಾಗಿದ್ದೀಯೋ" ಎಂದಳು.

ಕಿರೀಟ ತಲೆಯಿಂದ ಜಾರಿ ಮಣ್ಣಿಗೆ ಬಿತ್ತು.

ಸರಪಳಿ ಬಿಚ್ಚಿದ ಕೂಡಲೇ ಮೈಲಾರ ಸುದ್ದಿ ಹೇಳಲು ಗುಡ್ಡಕ್ಕೆ ಓಡಿದ. ಗವಿಯ ಬಾಗಿಲು ಮುರಿದು ಒಳಗೆ ಹೋದ. ನೀಲವ್ವ ಗೋಡೆಗೆ ಒರಗಿ, ಬಯಲಿನ ಕಡೆ ಮುಖಮಾಡಿ ಕುಳಿತಿದ್ದಳು. ಉಸಿರು ನಿಂತಿತ್ತು. ಕೆಳಗಿನ ಗದ್ದಲ ಅವಳಿಗೆ ಕೇಳಿಸಿತ್ತೋ ಇಲ್ಲವೋ, ಹೇಳುವವರಿರಲಿಲ್ಲ. ಇಡೀ ರಾಜ್ಯ ಅವಳ ಮಾತನ್ನು ಬಾಯಲ್ಲಿ ಹೊತ್ತು ನಗುತ್ತಿತ್ತು, ಗವಿಯಲ್ಲಿ ಮುಪ್ಪಾದ ಅವಳ ಮುಖ ಬಲ್ಲವನು ಅವನೊಬ್ಬನೇ. ಹೊತ್ತು ಇಳಿಯುವವರೆಗೂ ಅವಳ ಕೈ ಹಿಡಿದು ಕುಳಿತಿದ್ದ.

ಮುಂದೆ ಯಾರು ಆಳಬೇಕು ಎಂಬ ಮಾತು ದಿನಗಟ್ಟಲೆ ನಡೆಯಿತು. "ಮೈಲಾರನೇ ಇರಲಿ, ಒಳ್ಳೆಯವನು" ಎಂದ ಸಂಗಪ್ಪ.

"ನಾನು ಒಳ್ಳೆಯವನೇ ಇರಬಹುದು. ನನ್ನ ನಂತರ ಬರುವವನು? ಆಗ ಮತ್ತೆ ಆನೆಯನ್ನು ಕೇಳುತ್ತೀರೇನು?" ಎಂದ ಮೈಲಾರ.

ಕಟ್ಟಳೆ ಮಾಡುವವರು ತೀರ್ಪು ಕೊಡಬಾರದು, ತೀರ್ಪು ಕೊಡುವವರು ಕತ್ತಿ ಹಿಡಿಯಬಾರದು, ಯಾರೇ ಆಗಲಿ ಅವಧಿ ಮುಗಿದ ಮೇಲೆ ಮನೆಗೆ ಹೋಗಬೇಕು ಎಂದು ತೀರ್ಮಾನವಾಯಿತು. ಊರಿನವರೆಲ್ಲ ತಮಗೆ ಬೇಕಾದವರ ಮಡಕೆಗೆ ತಲೆಗೊಂದು ಹುಣಸೆಬೀಜ ಹಾಕಬೇಕು. ಹೆಚ್ಚು ಬೀಜ ಯಾರಿಗೋ ಅವರು ಸಭೆಗೆ.

ಬೀಜ ಹಾಕುವ ದಿನ ಮೈಲಾರನೂ ಸಾಲಿನಲ್ಲಿ ನಿಂತ. ಅವನ ಸರದಿ ಬಂತು. ಬೀಜವನ್ನು ಅಕ್ಕನ ಮಡಕೆಗೆ ಹಾಕಿ ಬಗ್ಗಿ ನೋಡಿದ. ನೂರಾರು ಬೀಜಗಳ ನಡುವೆ ತನ್ನದು ಯಾವುದೆಂದು ಗೊತ್ತಾಗಲಿಲ್ಲ. ನೋಡುತ್ತಲೇ ನಿಂತ.

ಹಿಂದಿನಿಂದ ಒಬ್ಬ ಹೆಂಗಸು ಅವನ ಬೆನ್ನು ತಟ್ಟಿ, ಮುಖ ನೋಡಿ, "ಎಷ್ಟು ಹೊತ್ತು ನಿಲ್ತೀಯಪ್ಪ, ಮುಂದೆ ನಡಿ. ನಮಗೂ ಕೆಲಸ ಇದೆ" ಎಂದಳು.

"ಆಯ್ತಮ್ಮ" ಎಂದು ಮೈಲಾರ ಮುಂದೆ ನಡೆದ.

ತುಂಬೆಗಿರಿಯವರು ಜಗಳವಾಡುತ್ತ, ರಾಜಿಯಾಗುತ್ತ, ಬಹುಕಾಲ ಸುಖವಾಗಿ ಬಾಳಿದರು.