ಅತಿಥಿಯ ಎಡಮಂಡಿ

“ಹೋಟೆಲಿಗೆ ತಲೆಗೆ ಹನ್ನೆರಡು ಸಾವಿರ ತೆಂಗೆ ಬಾಡಿಗೆ. ಇಪ್ಪತ್ತು ತಲೆ. ಎರಡು ಲಕ್ಷ ನಲವತ್ತು ಸಾವಿರ,” ಊರಿನ ಹಾಕಿ ಕ್ಲಬ್ಬಿನ ಮ್ಯಾನೇಜರ್ ತೊಲೆಗೆನ್ ಬಾಗಿಲಲ್ಲೇ ನಿಂತು ಲೆಕ್ಕ ಒಪ್ಪಿಸಿದರು. “ಮನೆಗೊಬ್ರಂತೆ ಹಂಚಿದ್ರೆ ಪುಕ್ಕಟೆ. ನಿಮ್ಮನೆಗೆ ಇವ್ರು. ಅದಕ್ಕೇ ಬಂದೆ.”

ಅವರ ಬೆನ್ನ ಹಿಂದೆ, ಹಿಮದಲ್ಲಿ, ಬಾಗಿಲಷ್ಟು ಎತ್ತರದ ಮನುಷ್ಯರೊಬ್ಬರು ಬಾಗಿಲಷ್ಟು ಅಗಲದ ಚೀಲ ಹಿಡಿದು ನಿಂತಿದ್ದರು.

ಉಲ್ಪನ್ ಅಜ್ಜಿಯ ತೋಳಿನ ಕೆಳಗಿಂದ ಇಣುಕಿದಳು. ಚೀಲದ ಮೇಲೆ ‘ಕುಲಾನ್’ ಎಂದು ಬರೆದಿತ್ತು.

“ಅಜ್ಜಿ! ಇವ್ರು ಎದುರು ಟೀಮಿನ ಗೋಲ್‌ಕೀಪರ್! ಯೆಲ್ದೋಸ್!”

“ಚಳೀಲಿ ನಿಂತಿದಾರೆ,” ಅಂದಳು ಅಜ್ಜಿ. “ಮೊದ್ಲು ಒಳಗೆ ಬರ್ಲಿ. ಎದುರು ಟೀಮು ಆಮೇಲೆ.”

ಸೆಪ್ಟೆಂಬರಿನಲ್ಲಿ ಐಸ್ ಹಾಕಿ ಲೀಗ್ ಶುರುವಾದಾಗ ಎಂಟು ತಂಡಗಳಿದ್ದವು. ಒಂದು ತಂಡಕ್ಕೆ ಬಸ್ಸಿನ ಡೀಸೆಲ್‌ಗೇ ದುಡ್ಡಿಲ್ಲದೆ ಹೋಯಿತು. ಇನ್ನೊಂದನ್ನು ಸಾಕುತ್ತಿದ್ದ ಸೇಮಿಗೆ ಫ್ಯಾಕ್ಟರಿ ಎರಡು ತಿಂಗಳು ಸಂಬಳದ ಬದಲು ಸೇಮಿಗೆ ಕೊಟ್ಟಿತು. ಮೂರನೆಯ ತಿಂಗಳು ಸೇಮಿಗೆಯೂ ಬರಲಿಲ್ಲ. ಮತ್ತೊಂದು ತಂಡ ಯಾಕೆ ನಿಂತಿತೋ, ಅಷ್ಟು ಹೊತ್ತಿಗೆ ಯಾರೂ ಕೇಳುತ್ತಿರಲಿಲ್ಲ.

ಉಳಿದದ್ದು ಐದು. ಮುಂದಿನ ವರ್ಷ ನಾಲ್ಕಕ್ಕೆ ಮಾತ್ರ ದುಡ್ಡಿದೆ, ಕೊನೆಯ ಸ್ಥಾನದವರು ಮನೆಗೆ ಎಂದು ಲೀಗಿನವರು ಕಾಗದ ಕಳಿಸಿದರು. ಆ ಸ್ಥಾನಕ್ಕೆ ಇಬ್ಬರು ಹತ್ತಿರದಲ್ಲಿದ್ದರು: ಉಲ್ಪನ್‌ಳ ಊರಿನ ಬುರ್ಕಿತ್, ಮತ್ತು ಕುಲಾನ್. ನಾಳೆ ಅವರಿಬ್ಬರಿಗೇ ಆಟ. ಬುರ್ಕಿತ್ ಸೋತರೆ ಊರಿನ ಐಸ್ ರಿಂಕ್ ಬಂದ್. ರಿಂಕಿನಲ್ಲಿ ಸ್ಕೇಟುಗಳಿಗೆ ಸಾಣೆ ಹಿಡಿಯುವ ಅಪ್ಪನ ಕೆಲಸವೂ ಬಂದ್.

ಯೆಲ್ದೋಸ್ ಚೀಲದಿಂದ ಸ್ಕೇಟುಗಳನ್ನು ತೆಗೆದು ಅಪ್ಪನ ಮುಂದೆ ಇಟ್ಟು, ಅಪ್ಪನನ್ನು ಅಣ್ಣನಂತೆ ‘ಆಗಾ’ ಎಂದು ಕರೆದು ಕೇಳಿದರು. “ನಮ್ಮ ಸಾಣೆಯವನನ್ನ ಡಿಸೆಂಬರ್‌ನಲ್ಲೇ ಕೆಲಸದಿಂದ ತೆಗೆದ್ರು, ಆಗಾ. ಕೇಳೋಕೇ ನಾಚಿಕೆ ಆಗತ್ತೆ...”

“ಕೊಡಿ,” ಅಂದರು ಅಪ್ಪ. ಅಲುಗುಗಳನ್ನು ದೀಪದ ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದರು. ಆಮೇಲೆ ಬಟ್ಟೆಯಲ್ಲಿ ಸುತ್ತಿಟ್ಟರು.

ಅಜ್ಜಿ ಹಬ್ಬಕ್ಕೆಂದು ಎತ್ತಿಟ್ಟಿದ್ದ ಕುದುರೆ ಮಾಂಸ ಬೇಯಿಸಿದಳು, ಹಿಟ್ಟಿನುಂಡೆ ಬೌರ್ಸಾಕ್ ಕರಿದಳು. ಉಲ್ಪನ್‌ಳ ಹಾಸಿಗೆಯನ್ನು ಅತಿಥಿಗೆ ಹಾಸಿದಳು. ಉಲ್ಪನ್‌ಳನ್ನು ಯಾರೂ ಕೇಳಲಿಲ್ಲ.

ಗಿಡ್ಡ ಮೇಜಿನ ಸುತ್ತ ಎಲ್ಲರೂ ನೆಲದ ಮೇಲೆ ಕಾಲು ಮಡಚಿ ಕೂತರು. ಯೆಲ್ದೋಸ್ ಬಲಗಾಲು ಮಡಚಿದರು. ಎಡಗಾಲು ಮಡಚಲು ಹೋಗಿ ಹಲ್ಲು ಕಚ್ಚಿದರು. ಇನ್ನೊಮ್ಮೆ ಪ್ರಯತ್ನಿಸಿದರು. ಮಂಡಿ ಬಾಗಲಿಲ್ಲ. ಅಜ್ಜಿ ಏನೂ ಕೇಳದೆ ಅದರ ಕೆಳಗೆ ಒಂದು ದಿಂಬು ತೂರಿಸಿ, ತಟ್ಟೆಗೆ ಇನ್ನಷ್ಟು ಮಾಂಸ ಹಾಕಿದಳು.

ಉಲ್ಪನ್‌ಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಹಾಕಿಯಲ್ಲಿ ಕೆಳಗೆ ಬರುವ ಹೊಡೆತ ತಡೆಯಲು ಗೋಲ್‌ಕೀಪರ್ ಎರಡೂ ಮಂಡಿ ಊರಿ ದಬಕ್ಕನೆ ಕೂರಬೇಕು. ಎಡಮಂಡಿ ಬಾಗದಿದ್ದರೆ? ಎಡಗಡೆ, ಕೆಳಗೆ. ಅಲ್ಲಿಗೆ ಹೊಡೆದರೆ ಗೋಲು!

“ನೀವು ನಾಳೆ ಸೋಲ್ತೀರಾ?” ಎಂದು ಕೇಳಿಯೇಬಿಟ್ಟಳು.

“ಏಯ್! ಊಟದ ಹೊತ್ತಲ್ಲಿ ಕೇಳೋ ಮಾತಾ ಇದು?” ಅಜ್ಜಿ ಗದರಿ, ಅತಿಥಿಯ ಕಡೆ ತಿರುಗಿದಳು. “ತಿನ್ನು ಮಗಾ. ಸೋಲೋಕೂ ಶಕ್ತಿ ಬೇಕು.”

ಯೆಲ್ದೋಸ್ ನಕ್ಕರು. “ನನ್ನ ಮಗಳಿಗೂ ಇಷ್ಟೇ ವಯಸ್ಸು. ಸೋತ್ರೆ ಮನೆಗೆ ಬರ್ಬೇಡ ಅಂದಿದಾಳೆ. ಬೀಗ ಬೇರೆ ಬದಲಾಯಿಸ್ತಾಳಂತೆ.”

ಉಲ್ಪನ್‌ಗೆ ಆ ಹುಡುಗಿ ಇಷ್ಟವಾದಳು. ಅದರಿಂದ ತುಂಬಾ ತೊಂದರೆಯಾಯಿತು.

ಬೆಳಿಗ್ಗೆ ಅವಳು ಅಪ್ಪನ ಜೊತೆ ರಿಂಕಿಗೆ ಹೋದಳು. ಗ್ಯಾಲರಿಯ ಕೆಳಗಿನ ಪುಟ್ಟ ಕೋಣೆಯಲ್ಲಿ ಅಪ್ಪ ಯೆಲ್ದೋಸ್‌ರ ಸ್ಕೇಟಿಗೇ ಸಾಣೆ ಹಿಡಿಯುತ್ತಿದ್ದರು. ಆಗ ಬುರ್ಕಿತ್‌ನ ಕ್ಯಾಪ್ಟನ್ ಮಕ್ಸತ್ ಒಳಗೆ ಬಂದರು.

“ಏನ್ ಪುಟ್ಟೀ, ನಿಮ್ಮನೇಲಿ ದೊಡ್ಡ ಗೋಡೆ ಮಲಗಿತ್ತಂತೆ?”

“ಹೂಂ, ಮಕ್ಸತ್ ಆಗಾ.”

“ಹೇಗಿದೆ ಗೋಡೆ? ಎಲ್ಲಾದ್ರೂ ಬಿರುಕು ಕಾಣ್ತಾ?”

ಎರಡೇ ಎರಡು ಪದ. ಎಡಗಡೆ, ಕೆಳಗೆ. ನಾಲಿಗೆಯ ತುದಿಗೇ ಬಂದಿತ್ತು. ಉಲ್ಪನ್ ಅಪ್ಪನ ಕಡೆ ನೋಡಿದಳು. ಅಪ್ಪ ತಲೆ ಎತ್ತಲಿಲ್ಲ. ಸಾಣೆ ಕಲ್ಲು ಕಿರ್ರ್ ಎನ್ನುತ್ತಿತ್ತು. ಅವಳಿಗೆ ಮಂಡಿಯ ಕೆಳಗಿನ ದಿಂಬು ನೆನಪಾಯಿತು. ಅದರ ಮೇಲೆ ಹಸಿರು ದಾರದ ಹೂವಿತ್ತು.

“ಗೊರಕೆ ಹೊಡೀತಾರೆ,” ಅಂದಳು.

“ಅದು ಐಸ್ ಮೇಲೆ ನಮ್ಗೆ ಕೆಲ್ಸಕ್ಕೆ ಬರಲ್ವಲ್ಲ!”

“ಹದಿನಾಲ್ಕು ಬೌರ್ಸಾಕ್ ತಿಂದ್ರು. ಕರಿದಿದ್ದು.”

“ಹಾಂ, ಇದು ಬರಬಹುದು,” ಎಂದು ಮಕ್ಸತ್ ತಮ್ಮ ಸ್ಕೇಟು ತೆಗೆದುಕೊಂಡು ಹೋದರು.

ಬರಲಿಲ್ಲ. ಆಟದಲ್ಲಿ ಬುರ್ಕಿತ್‌ನವರು ಮೇಲಕ್ಕೆ ಹೊಡೆದರು, ಬಲಕ್ಕೆ ಹೊಡೆದರು, ಒಮ್ಮೆ ರೆಫರಿಗೂ ಹೊಡೆದರು. ಒಂದು ಗೋಲು ಬಂತು. ಕುಲಾನ್‌ಗೆ ಎರಡು ಬಂದವು. ಎಡಗಡೆ ಕೆಳಕ್ಕೆ ಹೋದದ್ದು ಒಂದೇ ಒಂದು ಹೊಡೆತ. ಅದು ಕಂಬಕ್ಕೆ ಬಡಿದು ವಾಪಸ್ಸು ಬಂತು. ಆಟ ಮುಗಿದಾಗ ಉಲ್ಪನ್‌ಳ ಪಕ್ಕ ಕೂತಿದ್ದ ಮುದುಕರು ಟೋಪಿ ತೆಗೆದು ಮೂಗು ಒರೆಸಿಕೊಂಡರು.

ಸಾಣೆ ಯಂತ್ರ ಅಪ್ಪನ ಸ್ವಂತದ್ದು. ಅದನ್ನು ಹಿಮಗಾಡಿಗೆ ಕಟ್ಟಿ ಅಪ್ಪ ಮನೆ ಕಡೆ ಎಳೆದರು. ಉಲ್ಪನ್ ಹಿಂದೆ ನಡೆದಳು. ಅಂಗಡಿ ದಾಟಿದರು. ಸ್ಕೂಲು ದಾಟಿದರು. ಆಮೇಲೆ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

“ಅಪ್ಪಾ, ನಾನು ಮಕ್ಸತ್ ಆಗಾಗೆ ಒಂದು ವಿಷ್ಯ ಹೇಳ್ಲಿಲ್ಲ. ಹೇಳಿದ್ರೆ ನಾವು ಗೆಲ್ತಿದ್ವಿ. ಅವರ ಎಡಮಂಡಿ...”

“ಬಾಗಲ್ಲ,” ಅಂದರು ಅಪ್ಪ.

ಉಲ್ಪನ್ ನಿಂತುಬಿಟ್ಟಳು. “ದಿಂಬು ನೋಡಿದ್ರಾ?”

“ಅಲುಗು ನೋಡಿದೆ. ಬಲಗಾಲಿಂದು ಪೂರಾ ಸವೆದಿದೆ. ಎಡಗಾಲಿಂದು ಅಂಗಡಿಯಿಂದ ಈಗಷ್ಟೇ ತಂದ ಹಾಗಿದೆ.”

“ಯಾವಾಗ?”

“ನಿನ್ನೆ. ಊಟಕ್ಕೆ ಮುಂಚೆ.”

ಅಂದರೆ ಮಕ್ಸತ್ ಬಿರುಕಿನ ಮಾತು ಕೇಳಿದಾಗ ಅಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೇ ಆ ಅಲುಗುಗಳಿಗೆ ಸಾಣೆ ಹಿಡಿಯುತ್ತಿದ್ದರು, ತಲೆ ಎತ್ತದೆ. ಉಲ್ಪನ್ ಓಡಿ ಬಂದು ಹಗ್ಗದ ಇನ್ನೊಂದು ತುದಿ ಹಿಡಿದಳು. ಯಂತ್ರ ಭಾರವಿತ್ತು. ಇಬ್ಬರೂ ಸೇರಿ ಎಳೆದರು.

ಸೋಮವಾರ ರಿಂಕಿಗೆ ಕರೆಂಟ್ ತೆಗೆದರು. ಬುಧವಾರದ ಹೊತ್ತಿಗೆ ನೋಡಿಕೊಳ್ಳುವವರಿಲ್ಲದೆ ಐಸ್ ಬಿರುಕು ಬಿಟ್ಟಿತು. ಅಪ್ಪ ಕಸಾಯಿ ಅಂಗಡಿಗಳ ಚೂರಿಗಳಿಗೆ ಸಾಣೆ ಹಿಡಿಯಲು ಶುರುಮಾಡಿದರು. ಮೊದಲಿನ ಸಂಬಳದ ಅರ್ಧದಷ್ಟು ಸಿಗುತ್ತದೆ.

ಉಲ್ಪನ್‌ಗೆ ಅವಳ ಹಾಸಿಗೆ ವಾಪಸ್ಸು ಸಿಕ್ಕಿತು.