ಬಸ್ಸಿನಲ್ಲಿ ಕಳಿಸಲಾಗದ್ದು

"ಗಡಿಯಾರದ ಬೆಲೆಗಿಂತ ಕಳಿಸೋ ಖರ್ಚೇ ಹೆಚ್ಚು. ನೋಡಿದ್ದೀರಿ ತಾನೇ?" ಸೊಲೊಂಗೊ ಫೋನಿನಲ್ಲಿ ಕೇಳಿದಳು.

"ನೋಡಿದೆ."

"ಸಾವಿರದ ನಾನೂರು ಕಿಲೋಮೀಟರ್. ಎರಡು ದಿನ ಬಸ್ಸಿನಲ್ಲಿ ಕುಲುಕಾಡಿಕೊಂಡು ಬರುತ್ತೆ. ಮುರಿದ್ರೆ ನನ್ನನ್ನ ಕೇಳ್ಬೇಡಿ."

"ನಾನು ದನದ ಡಾಕ್ಟರು," ಎಂದಿತು ಆ ಕಡೆಯ ದನಿ. "ಮುರಿದು ಬಂದದ್ದನ್ನ ನೋಡಿ ಅಭ್ಯಾಸ ಇದೆ."

ಹೀಗೆ ಶುರುವಾಯಿತು.

ರಾಜಧಾನಿ ಉಲಾನ್‌ಬಾತರ್‌ನ ನಾಲ್ಕನೇ ಮಹಡಿಯ ತನ್ನ ಮನೆಯ ಸಾಮಾನನ್ನು ಸೊಲೊಂಗೊ ಒಂದೊಂದಾಗಿ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಮಾರಾಟಕ್ಕೆ ಹಾಕುತ್ತಿದ್ದಳು. ಊರಿನವರು ಬರುತ್ತಿದ್ದರು, ಚೌಕಾಸಿ ಮಾಡಿ ಹೊತ್ತೊಯ್ಯುತ್ತಿದ್ದರು. ಅಷ್ಟು ದೂರದ ಖೋವ್ದ್‌ನಿಂದ ಕೊಳ್ಳುತ್ತಿದ್ದವನು ಈ ದನದ ಡಾಕ್ಟರು ತುವ್ಶಿನ್ ಒಬ್ಬನೇ. ಮೊದಲು ಗಡಿಯಾರ, ಆಮೇಲೆ ಪುಸ್ತಕದ ಕಪಾಟು, ಆಮೇಲೆ ಹೊಲಿಗೆ ಯಂತ್ರ.

ಪ್ರತಿ ಸಲವೂ ಅವಳು ಸಾಮಾನನ್ನು ಬಸ್ ನಿಲ್ದಾಣಕ್ಕೆ ಒಯ್ದು ಡ್ರೈವರ್ ಜಂಬಾನ ಕೈಗೊಪ್ಪಿಸಿ, ಬಸ್ಸಿನ ನಂಬರಿನ ಫೋಟೋ ತುವ್ಶಿನ್‌ಗೆ ಕಳಿಸುತ್ತಿದ್ದಳು. ಮೂರನೆಯ ದಿನ ಫೋನ್ ಮಾಡುತ್ತಿದ್ದಳು.

"ಸೇರಿತಾ?"

"ಸೇರಿತು. ಫೋಟೋದಲ್ಲಿ ದೊಡ್ಡ ಒಂಟೆಯ ಹಾಗೆ ಕಾಣ್ತಿತ್ತು ನಿಮ್ಮ ಕಪಾಟು. ನೋಡಿದ್ರೆ ಆಡಿನಷ್ಟಿದೆ."

"ಅಳತೆ ಬರೆದಿದ್ದೆನಲ್ಲ."

"ಸೆಂಟಿಮೀಟರ್‌ನಲ್ಲಿ ಬರೆದ್ರೆ ನನಗೆ ಹೇಗೆ ಗೊತ್ತಾಗಬೇಕು?"

ಫೋನ್ ಇಟ್ಟ ಮೇಲೆ ಅವಳು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಳು. ನಕ್ಕ ಗುರುತು ಇನ್ನೂ ಅಲ್ಲೇ ಇತ್ತು.

ಸಾಮಾನು ಹೋದ ರಟ್ಟಿನ ಡಬ್ಬಗಳನ್ನು ಅವನು ವಾಪಸ್ ಕಳಿಸುತ್ತಿದ್ದ, ಬರಿದಾಗಿ ಅಲ್ಲ. ಬರಿದಾದ ಪಾತ್ರೆಯನ್ನು ಯಾರೂ ಹಿಂತಿರುಗಿಸುವುದಿಲ್ಲ. ಒಳಗೆ ಒಣಗಿಸಿದ ಮೊಸರಿನ ಗಟ್ಟಿ ತುಂಡುಗಳಿರುತ್ತಿದ್ದವು.

"ಏನ್ ತಂಗೀ," ಜಂಬಾ ಡಬ್ಬ ಕೊಡುತ್ತ ಕಣ್ಣು ಕಿರಿದು ಮಾಡುತ್ತಿದ್ದ. "ಆ ಡಾಕ್ಟ್ರು ನಿನ್ನ ಮನೆಯನ್ನೇ ಕಂತಿನಲ್ಲಿ ತರಿಸ್ಕೊಳ್ತಾ ಇದಾರಲ್ಲ. ಕೊನೇ ಕಂತು ಯಾವುದು? ಬಾಗಿಲೋ, ನೀನೋ?"

"ಬಸ್ ನೋಡ್ಕೊಳ್ಳಣ್ಣ."

ಹೊಲಿಗೆ ಯಂತ್ರ ಹೋದಾಗ ತುವ್ಶಿನ್ ಕೇಳಿದ, "ಚಕ್ರ ಬಿಗಿಯಾಗಿದೆ. ಮನೆಯವರನ್ನ ಕೇಳಿ ಹೇಳ್ತೀರಾ, ಎಣ್ಣೆ ಎಲ್ಲಿ ಬಿಡೋದು ಅಂತ?"

"ಅವರು ಕೆಲಸಕ್ಕೆ ಹೋಗಿದಾರೆ," ಎಂದಳು ಸೊಲೊಂಗೊ. ಸುಳ್ಳು ಬಾಯಿಂದ ಸಲೀಸಾಗಿ ಬಂತು. ಗಂಡ ಸತ್ತು ವರ್ಷ ದಾಟಿತ್ತು.

ನವೆಂಬರಿನಲ್ಲಿ ಅವನು ಮರದ ಸಂದೂಕ ಬೇಕೆಂದ. ಅದನ್ನು ಕಳಿಸಿದ ಮೂರನೆಯ ದಿನ ಅವಳು ಫೋನ್ ಮಾಡಲಿಲ್ಲ. ನಾಲ್ಕನೆಯ ದಿನವೂ ಮಾಡಲಿಲ್ಲ. ಐದನೆಯ ದಿನ ಅವನೇ ಮಾಡಿದ.

"ಸಂದೂಕದ ತಳದಲ್ಲಿ, ಹಾಸಿದ ಕಾಗದದ ಕೆಳಗೆ, ಗಂಡಸರು ಸೊಂಟಕ್ಕೆ ಸುತ್ತೋ ನಡುಕಟ್ಟು ಸಿಕ್ತು. ನೀಲಿ ರೇಷ್ಮೇದು."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ನಿಮ್ಮವರು ಹುಡುಕಾಡ್ತಿರಬಹುದು."

"ಜಂಬಾ ಅಣ್ಣನ ಕೈಲಿ ಕೊಟ್ಟು ಕಳಿಸಿ," ಎಂದಳು ಕೊನೆಗೆ.

"ಒಬ್ಬ ಗಂಡಸಿನ ನಡುಕಟ್ಟನ್ನ? ಈರುಳ್ಳಿ ಚೀಲದ ಮೇಲೆ ಹಾಕಿ, ಜನ ಅದರ ಮೇಲೆ ಕಾಲಿಟ್ಕೊಂಡು ಬರೋ ಹಾಗಾ?" ಅವನ ದನಿಯಲ್ಲಿ ತಮಾಷೆ ಇರಲಿಲ್ಲ. "ಅದರಲ್ಲಿ ಮನುಷ್ಯನ ಜೀವಕಳೆ ಇರುತ್ತೆ. ನಾನೇ ತರ್ತೀನಿ."

ಬೇಡ ಎನ್ನುವಷ್ಟರಲ್ಲಿ ಫೋನ್ ಇಟ್ಟಿದ್ದ.

ಆ ಎರಡು ದಿನ ಸೊಲೊಂಗೊ ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು ಹಾಗೇ ಕೆಳಗಿಟ್ಟಳು. ತಾನು ಹೇಳಿದ್ದು ಸುಳ್ಳೆಂದು ತಿಳಿದರೆ ಅವನು ಹೋಗುತ್ತಾನೆ. ಅವನು ಹೋದರೆ ಅವಳನ್ನು ಮಾತಾಡಿಸುವ ದನಿ ಇನ್ನೊಂದಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ದನಿ ಕೇಳಿ ಅವಳು ಎತ್ತರದ ಮನುಷ್ಯನನ್ನು ಕಲ್ಪಿಸಿಕೊಂಡಿದ್ದಳು, ನಿಂತಿದ್ದವನು ಗಿಡ್ಡ. ಗಾಳಿಗೆ ಕೆನ್ನೆ ಒಡೆದಿತ್ತು. ಕೋಟಿನ ಗುಂಡಿ ಬಿಚ್ಚಿ, ಎದೆಗೊತ್ತಿ ಇಟ್ಟುಕೊಂಡಿದ್ದ ಬಿಳಿ ಬಟ್ಟೆಯ ಗಂಟನ್ನು ಹೊರತೆಗೆದ.

"ಮನೆಯವರಿದ್ದಾರಾ? ಅವರ ಕೈಗೇ ಕೊಡ್ಬೇಕು."

"ಒಳಗೆ ಬನ್ನಿ."

ಒಳಗೆ ಒಂದು ಮೇಜು, ಒಂದು ಸ್ಟೂಲು, ಒಂದು ಹಾಸಿಗೆ. ಅವನು ನಾಲ್ಕೂ ಗೋಡೆ ನೋಡಿ ಅವಳನ್ನು ನೋಡಿದ.

"ಸತ್ತು ಹದಿನಾಲ್ಕು ತಿಂಗಳಾಯ್ತು," ಎಂದಳು. "ಗಣಿಯ ರಸ್ತೆಯಲ್ಲಿ ಲಾರಿ ಮಗುಚಿತು."

ಅವನು ಟೋಪಿ ತೆಗೆದ.

"ಇನ್ನೊಂದಿದೆ. ಅದು ಮರೆತು ಬಂದದ್ದಲ್ಲ. ಕಾಗದದ ಕೆಳಗೆ ನಾನೇ ಇಟ್ಟೆ."

ತುವ್ಶಿನ್ ತನ್ನ ಕೈಯಲ್ಲಿದ್ದ ಗಂಟನ್ನು ನೋಡಿದ. ಮುಖದ ಬಣ್ಣ ಇಳಿಯಿತು. "ನಾನಿದನ್ನ ನನ್ನ ಮಂಚದ ತಲೆ ಕಡೆ, ಎತ್ತರದಲ್ಲಿ ಇಟ್ಟಿದ್ದೆ. ಸತ್ತವರದ್ದನ್ನ ಮಲಗೋ ಕಡೆ ಇಡ್ತಾರಾ? ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಬೇಕಿತ್ತು."

"ಯಾಕೆ ನನಗೇ ಕಳಿಸಿದ್ರಿ?"

"ಇಟ್ಟುಕೊಳ್ಳೋಕೂ ಆಗಲಿಲ್ಲ, ಸುಡೋಕೂ ಕೈ ಬರಲಿಲ್ಲ. ಕೊಂಡವರಲ್ಲಿ ಎಲ್ಲರಿಗಿಂತ ದೂರ ಇದ್ದವರು ನೀವು. ಅಲ್ಲಿಂದ ಡಬ್ಬ ಬಿಟ್ರೆ ಯಾವುದೂ ವಾಪಸ್ ಬರಲ್ಲ ಅಂದ್ಕೊಂಡೆ." ಅವಳು ಸೇರಿಸಿದಳು, "ನೀವು ಸಾಮಾನು ಜೋಪಾನ ಮಾಡ್ತೀರಿ ಅಂತಾನೂ ಗೊತ್ತಿತ್ತು."

ಅವನು ಬಾಗಿಲ ಕಡೆ ನೋಡಿದ. ಹೋಗಿಬಿಡುತ್ತಾನೆಂದು ಅವಳು ಬಾಗಿಲಿಗೆ ದಾರಿ ಬಿಟ್ಟು ನಿಂತಳು.

"ನಮ್ಮನೇಲಿ ಮೊದಲೇ ಎರಡು ಗಡಿಯಾರ ಇದ್ವು," ಎಂದ ತುವ್ಶಿನ್. "ಹೊಲಿಗೆ ನನಗೆ ಬರೋದು ಹಸುವಿನ ಹೊಟ್ಟೆ ಮೇಲೆ ಮಾತ್ರ."

"ಮತ್ತೆ ಯಾಕೆ ಕೊಂಡ್ರಿ?"

"ಸೇರಿತಾ ಅಂತ ಕೇಳೋಕೆ ನೀವು ಫೋನ್ ಮಾಡ್ತಿದ್ರಿ."

"ಗಂಡ ಇದಾನೆ ಅಂತ ತಿಳಿದೂ?"

"ಅದೇ ನಾಚಿಕೆ." ಅವನು ತಲೆ ತಗ್ಗಿಸಿದ. "ನಡುಕಟ್ಟು ಸಿಕ್ಕಿದಾಗ ಇದು ಸರಿಯಲ್ಲ ಅನ್ನಿಸ್ತು. ಅವರ ಮುಖ ನೋಡಿ, ಅವರ ಕೈಗೇ ಇದನ್ನ ಕೊಟ್ಟು, ಇನ್ನು ಕೊಳ್ಳೋದು ನಿಲ್ಲಿಸೋಣ ಅಂತ ಬಂದೆ. ಎರಡು ದಿನ ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡ್ಕೊಂಡು ಬಂದೆ."

ಅವನು ಬಟ್ಟೆ ಬಿಚ್ಚಿ, ಎರಡೂ ಕೈಯಲ್ಲಿ ನೀಲಿ ರೇಷ್ಮೆಯನ್ನು ಹಿಡಿದು ಚಾಚಿದ. ಅವಳೂ ಎರಡೂ ಕೈ ಒಡ್ಡಿದಳು. ರೇಷ್ಮೆ ಅವನ ಎದೆಯ ಕಾವಿನಿಂದ ಬೆಚ್ಚಗಿತ್ತು. ಹೊರಟುಹೋದವನೂ ಎದುರಿಗಿದ್ದವನೂ ಆ ಒಂದು ಕ್ಷಣ ಅವಳ ಅಂಗೈಯಲ್ಲಿ ಒಟ್ಟಿಗೆ ಇದ್ದರು. ಅವಳು ಯಾರನ್ನೂ ದೂಡಲಿಲ್ಲ.

ನಡುಕಟ್ಟನ್ನು ಮಡಿಸಿ, ಕಿಟಕಿಯ ಮೇಲಿನ ಹಲಗೆಯಲ್ಲಿಟ್ಟಳು. ಆಮೇಲೆ ಒಲೆ ಹಚ್ಚಿ, ಹಾಲಿನ ಚಹಾಕ್ಕೆ ಅಲ್ಲಿನ ರೂಢಿಯಂತೆ ಉಪ್ಪು ಹಾಕಿ ಬಟ್ಟಲು ಕೊಟ್ಟಳು. ಸ್ಟೂಲು ಒಂದೇ ಇತ್ತು. ಅವನು ಅದನ್ನು ಅವಳ ಕಡೆ ತಳ್ಳಿ ನೆಲದ ಮೇಲೆ ಕೂತ.

"ವಾಪಸ್ ಬಸ್ ಯಾವಾಗ?" ಅವಳು ಕೇಳಿದಳು.

"ನಾಳೆ ಬೆಳಿಗ್ಗೆ ಒಂದಿದೆ." ಅವನು ಬಟ್ಟಲಿನೊಳಗೇ ನೋಡುತ್ತಿದ್ದ. "ಅದು ಬಿಟ್ರೆ ಶುಕ್ರವಾರ."

ಸೊಲೊಂಗೊ ಅವನ ಬಟ್ಟಲಿಗೆ ಮತ್ತಷ್ಟು ಚಹಾ ಬಗ್ಗಿಸಿದಳು.

"ಶುಕ್ರವಾರ ಹೋಗಿ," ಎಂದಳು.